ಒಂದೇ ಹೆಸರಿನ ಎರಡು ಲೈಬ್ರರಿ: ಎಲ್‌ಡಿಡಿ, ರೀಡ್‌ಎಲ್ಫ್, ಸ್ಟ್ರಿಂಗ್ಸ್, ಡಿಪಿಕೆಜಿ ಹೋಲಿಕೆ

ಹೋದ ತಿಂಗಳು ಹೊರಗಿನ ಒಂದು ಕಂಪನಿಯಿಂದ ನಮ್ಮ ಆಫೀಸಿಗೆ ಡೆಬ್ ಪ್ಯಾಕೇಜ್ (ಉಬುಂಟುವಿನಲ್ಲಿ ಪ್ರೋಗ್ರಾಂ ಇನ್‌ಸ್ಟಾಲ್ ಮಾಡುವ ಫೈಲ್) ಬಂತು. ಉಬುಂಟು 22.04 ಸರ್ವರ್‌ಗೆ ಹಾಕಬೇಕಿತ್ತು. ಹಾಕುವ ಮೊದಲು ನನಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಇದು ಓಪನ್‌ಎಸ್‌ಎಸ್‌ಎಲ್‌ನ (ಗೂಢಲಿಪೀಕರಣದ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಯಾವ ವರ್ಷನ್ ಬಳಸುತ್ತದೆ? 3.0.0ರಿಂದ 3.0.6ರವರೆಗಿನ ವರ್ಷನ್‌ಗಳಲ್ಲಿ, ಸರ್ಟಿಫಿಕೇಟ್‌ನೊಳಗಿನ ಇಮೇಲ್ ವಿಳಾಸ ಪರಿಶೀಲಿಸುವಾಗ ಬಫರ್ ಮೀರಿ ಬರೆಯುವ ದೋಷ ಇತ್ತು. 2022ರ ನವೆಂಬರ್ 1ಕ್ಕೆ ಬಂದ 3.0.7ರಲ್ಲಿ ಅದು ಸರಿಹೋಯಿತು. ಹಳೆಯದು ನಮ್ಮ ಸರ್ವರ್ ಒಳಗೆ ಬರಬಾರದು, ಅಷ್ಟೇ ನನ್ನ ಕಾಳಜಿ.

ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡದೆ ಒಂದು ಫೋಲ್ಡರ್‌ಗೆ ಬಿಚ್ಚಿಕೊಂಡೆ. ಮೊದಲು ಕೈ ಹೋಗಿದ್ದು ಎಲ್‌ಡಿಡಿಗೆ, ಪ್ರೋಗ್ರಾಂಗೆ ಯಾವ ಲೈಬ್ರರಿ ಎಲ್ಲಿಂದ ಸಿಗುತ್ತದೆ ಅಂತ ತೋರಿಸುವ ಆದೇಶ ಅದು. ಎಲ್ಲರೂ ಅದನ್ನೇ ತಾನೇ ಮೊದಲು ಓಡಿಸೋದು. ಬಂದ ಉತ್ತರ: ಲಿಬ್‌ಕ್ರಿಪ್ಟೋ.ಎಸ್‌ಒ.3 (ಓಪನ್‌ಎಸ್‌ಎಸ್‌ಎಲ್‌ನ ಲೈಬ್ರರಿ ಫೈಲ್), ಉಬುಂಟುವಿನ ಸ್ವಂತ ಲೈಬ್ರರಿ ಫೋಲ್ಡರ್‌ನಿಂದ. ನೋಡಿ ಸಮಾಧಾನ ಆಯಿತು. ಆದರೆ ಅದು ತಪ್ಪು ಉತ್ತರ.

ಪ್ರೋಗ್ರಾಂ ಶುರು ಮಾಡುವ ಶೆಲ್ ಸ್ಕ್ರಿಪ್ಟನ್ನು ತೆರೆದಾಗ ಅದು ಗೊತ್ತಾಯಿತು. ಅದರ ಮೂರನೇ ಸಾಲಿನಲ್ಲಿ ಎಲ್‌ಡಿ_ಲೈಬ್ರರಿ_ಪಾತ್ ಅನ್ನು (ಲೈಬ್ರರಿಯನ್ನು ಮೊದಲು ಎಲ್ಲಿ ಹುಡುಕಬೇಕು ಅನ್ನುವ ಸೆಟ್ಟಿಂಗ್) ಪ್ಯಾಕೇಜಿನದೇ ಲಿಬ್ ಫೋಲ್ಡರ್‌ಗೆ ತಿರುಗಿಸಿದ್ದರು. ಆ ಫೋಲ್ಡರ್‌ನಲ್ಲಿ ಅವರೇ ಹೊತ್ತು ತಂದ ಇನ್ನೊಂದು ಲಿಬ್‌ಕ್ರಿಪ್ಟೋ.ಎಸ್‌ಒ.3 ಕೂತಿತ್ತು. ನಿಜವಾಗಿ ಓಡುವಾಗ ಲೋಡ್ ಆಗೋದು ಅದೇ. ಎಲ್‌ಡಿಡಿ ಹೇಳುವುದು 'ಈಗ, ಈ ಯಂತ್ರದಲ್ಲಿ, ಈ ಪರಿಸ್ಥಿತಿಯಲ್ಲಿ ಏನು ಸಿಗುತ್ತದೆ' ಅನ್ನುವುದನ್ನು ಮಾತ್ರ. ಇನ್ನೊಂದು ಎಚ್ಚರಿಕೆ ಅದರ ಕೈಪಿಡಿಯಲ್ಲೇ ಇದೆ: ನಂಬಿಕೆ ಇಲ್ಲದ ಫೈಲಿನ ಮೇಲೆ ಎಲ್‌ಡಿಡಿ ಓಡಿಸಬೇಡಿ, ಕೆಲವು ಸಲ ಅದು ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡಬಹುದು. ಹಾಗಾಗಿ ನಾನು ಇದೆಲ್ಲ ಮಾಡಿದ್ದು ಬಿಸಾಡಬಹುದಾದ ಒಂದು ವರ್ಚುವಲ್ ಮಷೀನ್‌ನಲ್ಲಿ.

ರೀಡ್‌ಎಲ್ಫ್ ಏನನ್ನೂ ಓಡಿಸುವುದಿಲ್ಲ, ಫೈಲನ್ನು ಸುಮ್ನೆ ಓದುತ್ತದೆ. ಮೈನಸ್ ಡಿ ಕೊಟ್ಟರೆ ನೀಡೆಡ್ ಸಾಲುಗಳು ಬರುತ್ತವೆ: ಈ ಫೈಲ್ ನೇರವಾಗಿ ಕೇಳುವ ಲೈಬ್ರರಿಗಳು ಇವು ಅಂತ. ಮೈನಸ್ ದೊಡ್ಡ ವಿ ಕೊಟ್ಟಾಗ ಗ್ಲಿಬ್‌ಸಿ_2.34 ಕಾಣಿಸಿತು, ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಗ್ಲಿಬ್‌ಸಿ ಕನಿಷ್ಠ 2.34 ಇರಬೇಕು. ನಮ್ಮ ಹಳೆಯ 20.04 ಸರ್ವರ್‌ನಲ್ಲಿ ಇರುವುದು ಗ್ಲಿಬ್‌ಸಿ 2.31. ಅಲ್ಲಿ ಇದು ಓಡುವುದೇ ಇಲ್ಲ ಅಂತ ಹಾಕುವ ಮೊದಲೇ ತಿಳಿಯಿತು. ಈ ಒಂದು ಕೆಲಸಕ್ಕೇ ರೀಡ್‌ಎಲ್ಫ್ ನನಗೆ ತುಂಬಾ ಇಷ್ಟ.

ಆದರೆ ಇದು 'ನೇರ' ಲೈಬ್ರರಿಗಳನ್ನಷ್ಟೇ ತೋರಿಸುತ್ತದೆ, ಅಲ್ವಾ? ಉಬುಂಟು 22.04ರ ಎಸ್‌ಎಸ್‌ಎಚ್‌ಡಿ (ದೂರದಿಂದ ಲಾಗಿನ್ ಆಗಲು ಬಿಡುವ ಪ್ರೋಗ್ರಾಂ) ಮೇಲೆ ಓಡಿಸಿ ನೋಡಿ. ಪಟ್ಟಿಯಲ್ಲಿ ಲಿಬ್‌ಸಿಸ್ಟಮ್‌ಡಿ ಇದೆ, ಲಿಬ್‌ಎಲ್‌ಝಡ್‌ಎಂಎ ಇಲ್ಲ. ಎಲ್‌ಡಿಡಿ ಓಡಿಸಿದರೆ ಎರಡೂ ಇವೆ, ಯಾಕೆಂದರೆ ಎರಡನೆಯದನ್ನು ಕರೆತರುವುದು ಮೊದಲನೆಯದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಸಾಧನ, ಲಿಬ್‌ಎಲ್‌ಝಡ್‌ಎಂಎ ಅದರದ್ದೇ ಲೈಬ್ರರಿ) 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅದು ಎಸ್‌ಎಸ್‌ಎಚ್‌ಡಿಗೆ ತಲುಪಿದ್ದು ಇದೇ ದಾರಿಯಲ್ಲಿ. ಇಂಥ ಕಡೆ ಎಲ್‌ಡಿಡಿಯೇ ಮೇಲು. ಎಲ್‌ಡಿಡಿಟ್ರೀ ಇದ್ದರೆ ಇನ್ನೂ ಒಳ್ಳೆಯದು: ಯಾರು ಯಾರನ್ನು ಕರೆತಂದರು ಅಂತ ಮರದ ಹಾಗೆ ತೋರಿಸುತ್ತದೆ, ಪ್ರೋಗ್ರಾಂ ಅನ್ನು ಓಡಿಸುವುದೂ ಇಲ್ಲ. ಪ್ರೋಗ್ರಾಂ ಓಡುತ್ತಿರುವಾಗ ಡಿಎಲ್‌ಓಪನ್ ಮಾಡಿ ತಡವಾಗಿ ಕರೆಸಿಕೊಳ್ಳುವ ಲೈಬ್ರರಿಗಳು ಮಾತ್ರ ಈ ಮೂರಕ್ಕೂ ಸಿಗುವುದಿಲ್ಲ. ಸಿಸ್ಟಮ್‌ಡಿ 256ರಿಂದ ಲಿಬ್‌ಎಲ್‌ಝಡ್‌ಎಂಎ ಕೂಡ ಹಾಗೇ ಬರುತ್ತದೆ.

ಇಷ್ಟಾದರೂ ವರ್ಷನ್ ಯಾವುದು ಅಂತ ಗೊತ್ತಾಗಲಿಲ್ಲ. ಲಿಬ್‌ಕ್ರಿಪ್ಟೋ.ಎಸ್‌ಒ.3 ಅನ್ನುವುದರಲ್ಲಿ ಇರುವ 3 ಹೊಂದಾಣಿಕೆಯ ಗುರುತು ಮಾತ್ರ. 3.0.2ಕ್ಕೂ ಅದೇ, 3.0.7ಕ್ಕೂ ಅದೇ. ಹಾಗಾಗಿ ಎರಡೂ ಫೈಲುಗಳ ಮೇಲೆ ಸ್ಟ್ರಿಂಗ್ಸ್ (ಫೈಲಿನೊಳಗಿನ ಓದಬಲ್ಲ ಅಕ್ಷರಗಳನ್ನು ತೆಗೆದು ತೋರಿಸುವ ಆದೇಶ) ಓಡಿಸಿ ಓಪನ್‌ಎಸ್‌ಎಸ್‌ಎಲ್ ಅಂತ ಹುಡುಕಿದೆ. ಉಬುಂಟುವಿನದು ಹೇಳಿತು: 3.0.2, 15 ಮಾರ್ಚ್ 2022. ಕಂಪನಿಯವರದು: 3.0.5, 5 ಜುಲೈ 2022.

ಎರಡೂ 3.0.7ಕ್ಕಿಂತ ಹಳೆಯವು. ಅಂಕಿ ನೋಡಿದರೆ ಉಬುಂಟುವಿನದೇ ಜಾಸ್ತಿ ಹಳೆಯದು. ಗೊತ್ತಿರುವ ದೋಷಗಳನ್ನು ಹುಡುಕುವ ಸಿವಿಇ ಬಿನ್ ಟೂಲ್ ಅನ್ನೂ ಓಡಿಸಿದೆ (ಮೊದಲ ಸಲ ದೋಷಗಳ ಮಾಹಿತಿ ಇಳಿಸಿಕೊಳ್ಳಲು ತುಂಬಾ ಹೊತ್ತು ಕಾಯಬೇಕು). ಅದೂ ಒಳಗಿನ ಅಕ್ಷರಗಳನ್ನೇ ಹುಡುಕುವುದರಿಂದ ಎರಡಕ್ಕೂ ಕೆಂಪು ಬಣ್ಣ ಹಚ್ಚಿತು.

ಇಲ್ಲಿ ಡಿಪಿಕೆಜಿ (ಉಬುಂಟುವಿನ ಪ್ಯಾಕೇಜ್‌ಗಳನ್ನು ನಿರ್ವಹಿಸುವ ಆದೇಶ) ಬೇಕಾಯಿತು. ಲಿಬ್‌ಕ್ರಿಪ್ಟೋ ಇರುವ ಉಬುಂಟುವಿನ ಲಿಬ್‌ಎಸ್‌ಎಸ್‌ಎಲ್3 ಪ್ಯಾಕೇಜಿನ ಪೂರ್ತಿ ವರ್ಷನ್ ಕೇಳಿದರೆ 3.0.2 ಆದ ಮೇಲೆ ಒಂದು ಗೆರೆ, ಆಮೇಲೆ 0ಉಬುಂಟು1, ಚುಕ್ಕಿ, ಇನ್ನೊಂದು ಅಂಕಿ ಬರುತ್ತದೆ. ಆ ಕೊನೆಯ ಅಂಕಿಯೇ ಮುಖ್ಯ. ಈ ದೋಷದ ತೇಪೆ ಬಂದಿದ್ದು 7ರಲ್ಲಿ. ನಮ್ಮದು ಅದಕ್ಕಿಂತ ಮುಂದಿತ್ತು. ಅಂದರೆ ಹೊರಗೆ 3.0.2 ಅಂತ ಬರೆದಿದ್ದರೂ ಒಳಗೆ ರಿಪೇರಿ ಆಗಿದೆ. ಕಂಪನಿಯವರ 3.0.5ಕ್ಕೆ ಯಾರೂ ತೇಪೆ ಹಾಕಿಲ್ಲ. ಅದು ಬರೆದಂತೆಯೇ ಇದೆ. ಹೊಸದಾಗಿ ಕಂಡದ್ದೇ ಅಪಾಯದ್ದು, ಹಳೆಯದಾಗಿ ಕಂಡದ್ದೇ ಸುರಕ್ಷಿತ.

ಡಿಪಿಕೆಜಿಗೂ ಒಂದು ಮಿತಿ ಇದೆ. ಇನ್‌ಸ್ಟಾಲ್ ಮಾಡಿ, ಕಂಪನಿಯ ಲಿಬ್‌ಕ್ರಿಪ್ಟೋ ಯಾರದ್ದು ಅಂತ ಕೇಳಿದರೆ ಅದು ಕಂಪನಿಯ ಪ್ಯಾಕೇಜಿನ ಹೆಸರು ಹೇಳಿ ಸುಮ್ಮನಾಗುತ್ತದೆ. ಅದರೊಳಗೆ ಓಪನ್‌ಎಸ್‌ಎಸ್‌ಎಲ್ ಇದೆ ಅನ್ನುವುದು ಅದಕ್ಕೆ ತಿಳಿಯದು. ಅವರ ಡಿಪೆಂಡ್ಸ್ ಸಾಲಿನಲ್ಲಿ (ಬೇಕಾದ ಬೇರೆ ಪ್ಯಾಕೇಜ್‌ಗಳ ಪಟ್ಟಿ) ಇದ್ದದ್ದು ಲಿಬ್‌ಸಿ6, ಅಂದರೆ ಗ್ಲಿಬ್‌ಸಿ, ಒಂದೇ.

ಈಗ ನಾನು ಮಾಡುವ ಕ್ರಮ ಹೀಗಿದೆ. ಹೊರಗಿನ ಪ್ಯಾಕೇಜ್ ಆದರೆ ಬಿಚ್ಚಿ, ಒಳಗಿನ ಪ್ರತಿ ಎಲ್ಫ್ ಫೈಲಿಗೂ (ಲಿನಕ್ಸ್‌ನ ಪ್ರೋಗ್ರಾಂ, ಲೈಬ್ರರಿ ಫೈಲುಗಳ ರೂಪ) ರೀಡ್‌ಎಲ್ಫ್, ಆಮೇಲೆ ಸ್ಟ್ರಿಂಗ್ಸ್. ಉಬುಂಟುವಿನಂಥ ಡಿಸ್ಟ್ರೋದ್ದೇ ಲೈಬ್ರರಿ ಆದರೆ ಡಿಪಿಕೆಜಿ ಮಾತೇ ಕೊನೆ, ಸ್ಟ್ರಿಂಗ್ಸ್ ನಂಬುವುದಿಲ್ಲ. ಎಲ್‌ಡಿಡಿ ಓಡಿಸುವುದು ನಮ್ಮದೇ ಪ್ರೋಗ್ರಾಂ ಮೇಲೆ, ಇಲ್ಲವೇ ಬಿಸಾಡಬಹುದಾದ ವರ್ಚುವಲ್ ಮಷೀನ್‌ನಲ್ಲಿ ಮಾತ್ರ. ಗೋ ಭಾಷೆಯಲ್ಲಿ ಬರೆದದ್ದಾದರೆ 'ಗೋ ವರ್ಷನ್' ಆದೇಶಕ್ಕೆ ಮೈನಸ್ ಎಂ ಸೇರಿಸಿದರೆ ಮಾಡ್ಯೂಲ್ ಪಟ್ಟಿಯೇ ಸಿಗುತ್ತದೆ.

ಕಂಪನಿಯವರಿಗೆ ಸ್ಟ್ರಿಂಗ್ಸ್ ಕೊಟ್ಟ ಆ ಒಂದು ಸಾಲನ್ನು ಕಳಿಸಿದೆ. ಹೊಸ ಪ್ಯಾಕೇಜಿನಲ್ಲಿ ಲಿಬ್ ಫೋಲ್ಡರೇ ಇಲ್ಲ, ಡಿಪೆಂಡ್ಸ್ ಸಾಲಿಗೆ ಲಿಬ್‌ಎಸ್‌ಎಸ್‌ಎಲ್3 ಬಂದಿದೆ. ಆದರೆ ಜೊತೆಗಿರುವ ಅಪ್‌ಡೇಟರ್ ಪ್ರೋಗ್ರಾಂ ಸ್ಟ್ಯಾಟಿಕ್ ಆಗಿ ಕಟ್ಟಿದ್ದು, ಅಂದರೆ ಲೈಬ್ರರಿಯ ಕೋಡ್ ಆ ಫೈಲಿನೊಳಗೇ ಸೇರಿಹೋಗಿದೆ. ಎಲ್‌ಡಿಡಿ ಅದನ್ನು 'ಡೈನಾಮಿಕ್ ಅಲ್ಲ' ಅಂದಿತು, ರೀಡ್‌ಎಲ್ಫ್‌ನಲ್ಲಿ ಒಂದೂ ನೀಡೆಡ್ ಸಾಲಿಲ್ಲ. ಸ್ಟ್ರಿಂಗ್ಸ್ ಮಾತ್ರ ಮತ್ತೆ 3.0.5 ಅಂತ ತೋರಿಸಿತು. ಅದನ್ನು ಬದಲಾಯಿಸಿ ಕೊಡುವವರೆಗೆ ಸರ್ವರ್‌ನಲ್ಲಿ ಆ ಫೈಲಿನ ಓಡುವ ಅನುಮತಿ ತೆಗೆದಿಟ್ಟಿದ್ದೇನೆ.