ಐಬಿಎಂ ಮಾಡೆಲ್ ಎಂ ಕೀಬೋರ್ಡನ್ನು ಯುಎಸ್‌ಬಿಗೆ ಹೊಂದಿಸಿ ಮೂರು ವರ್ಷ

ಕೀಬೋರ್ಡಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಪಾರ್ಟ್ ನಂಬರ್ 1391401, ತಯಾರಾದ ವರ್ಷ 1989. ತೂಕ ಎರಡು ಕೆಜಿಗೂ ಮೇಲೆ. ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುತ್ತಿದ್ದ ಕಚೇರಿಯೊಂದರಿಂದ ಕೇಳಿ ಎತ್ತಿಕೊಂಡು ಬಂದಿದ್ದೆ. ಕೀಲಿಗಳ ಟೋಪಿ ಕಿತ್ತು ಸೋಪಿನ ನೀರಲ್ಲಿ ತೊಳೆದಿದ್ದೇ ದೊಡ್ಡ ಕೆಲಸ ಅಂದುಕೊಂಡಿದ್ದೆ. ನಿಜವಾದ ಕೆಲಸ ಇದ್ದದ್ದು ಪ್ಲಗ್ಗಿನಲ್ಲಿ.

ಇದರದ್ದು ಹಳೇ ಕಂಪ್ಯೂಟರ್‌ಗಳಲ್ಲಿದ್ದ ಆರು ಪಿನ್ನಿನ ದುಂಡು ಪ್ಲಗ್ಗು, ಪಿಎಸ್/2. ಬರೀ ಪಿನ್ನಿಗೆ ಪಿನ್ನು ಜೋಡಿಸುವ ಪುಟ್ಟ ಅಡಾಪ್ಟರ್ ತಂದು ಹಾಕಿದೆ, ಏನೂ ಆಗಲಿಲ್ಲ. ಈ ಕೀಬೋರ್ಡಿಗೆ ಯುಎಸ್‌ಬಿ ಭಾಷೆಯೇ ಬರುವುದಿಲ್ಲ, ನಡುವೆ ದುಭಾಷಿ ಬೇಕು. ಆಮೇಲೆ ತರಿಸಿದ ಅಗ್ಗದ ಕನ್ವರ್ಟರ್ ಕೆಲಸ ಮಾಡಿತು, ಆದರೆ ಬೇಗ ಬೇಗ ಟೈಪ್ ಮಾಡಿದಾಗ ಅಕ್ಷರ ನುಂಗುತ್ತಿತ್ತು.

ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಿಂದ ಎಟಿಮೆಗಾ32ಯು4 ಚಿಪ್ಪಿನ, ದುಭಾಷಿಯ ಕೆಲಸ ಮಾಡಬಲ್ಲ ಪ್ರೊ ಮೈಕ್ರೋ ಎಂಬ ಪುಟ್ಟ ಬೋರ್ಡ್ ತಂದು, ಸೋರರ್ಸ್ ಕನ್ವರ್ಟರ್ ಎಂಬ ಉಚಿತ ತಂತ್ರಾಂಶ ತುಂಬಿದೆ. ಬೆಸುಗೆ ಹಾಕಬೇಕಾದ್ದು ನಾಲ್ಕೇ ತಂತಿ: ಐದು ವೋಲ್ಟ್, ಗ್ರೌಂಡ್, ಕ್ಲಾಕ್, ಡೇಟಾ. ಅಲ್ಲಿಂದ ಇಲ್ಲಿಯವರೆಗೆ ಒಂದಕ್ಷರವೂ ತಪ್ಪಿಲ್ಲ.

ಈ 101 ಕೀಲಿಗಳಲ್ಲಿ ವಿಂಡೋಸ್ ಕೀಲಿ ಇಲ್ಲ. ನನ್ನ ಉಬುಂಟು ಲಿನಕ್ಸ್‌ನಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುವುದೇ ಆ ಕೀಲಿ ಮತ್ತು ಸ್ಪೇಸ್‌ನಿಂದ. ಹಾಗಾಗಿ ಕ್ಯಾಪ್ಸ್ ಲಾಕನ್ನೇ ವಿಂಡೋಸ್ ಕೀಲಿ ಮಾಡಿಕೊಂಡೆ. ಈ ಬದಲಾವಣೆ ಬೋರ್ಡಿನಲ್ಲೇ ಉಳಿಯುತ್ತದೆ, ಯಾವ ಲ್ಯಾಪ್‌ಟಾಪಿಗೆ ಚುಚ್ಚಿದರೂ ಜೊತೆಗೇ ಬರುತ್ತದೆ. ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ಇನ್ನು ಟೈಪಿಂಗ್. ಕನ್ನಡ ಟೈಪಿಂಗಿನ ಕಗಪ ಕೀಲಿ ವಿನ್ಯಾಸದಲ್ಲಿ ‘ಅಕ್ಕ’ ಬರೆಯಲು ಎ, ಕೆ, ಎಫ್, ಕೆ ಒತ್ತಬೇಕು. ಎಫ್ ಅಂದರೆ ಅರ್ಧಾಕ್ಷರದ ಕೀಲಿ. ಒತ್ತಕ್ಷರ ಬಂದಲ್ಲೆಲ್ಲ ಅದೇ. ಇಲ್ಲಿ ಕೀಲಿಯೊಳಗಿನ ಸ್ಪ್ರಿಂಗ್ ಬಾಗಿ ‘ಟಕ್’ ಎಂದ ಕ್ಷಣಕ್ಕೇ ಅಕ್ಷರ ದಾಖಲಾಗುತ್ತದೆ. ಎಫ್ ಬಿತ್ತೋ ಇಲ್ಲವೋ ಎಂದು ಪರದೆ ನೋಡಬೇಕಿಲ್ಲ, ಬೆರಳಿಗೂ ಕಿವಿಗೂ ತಿಳಿಯುತ್ತದೆ. ದಿನಕ್ಕೆ ಏಳೆಂಟು ಪುಟ ಕನ್ನಡ ಬರೆಯುವ ನನಗೆ ಇದಕ್ಕಿಂತ ದೊಡ್ಡ ಸುಖವಿಲ್ಲ.

ಆಟ ಆಡುವವರಿಗೆ ಬೇಡ, ಕೆಲವು ಕೀಲಿಗಳನ್ನು ಮೂರು ಮೂರಾಗಿ ಒಟ್ಟಿಗೆ ಒತ್ತಿದರೆ ಮೂರನೆಯದು ಸಿಗುವುದಿಲ್ಲ. ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಮಗು ಮಲಗಿದ ಮೇಲೆ ನಾನು ಮುಟ್ಟುವುದಿಲ್ಲ. ಕೊಳ್ಳುವ ಮುಂಚೆ ಒಮ್ಮೆ ಅಲ್ಲಾಡಿಸಿ ನೋಡಿ. ಒಳಗಿನ ತಟ್ಟೆಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್‌ಗಳು ಮುರಿದಿದ್ದರೆ ಗಲಗಲ ಎನ್ನುತ್ತದೆ. ನನ್ನದರಲ್ಲೂ ನಾಲ್ಕು ಹೋಗಿವೆ, ಆ ಭಾಗದ ಕೀಲಿಗಳು ಸ್ವಲ್ಪ ಸಡಿಲ. ರಂಧ್ರ ಕೊರೆದು ಎರಡು ಮಿಲಿಮೀಟರಿನ ಬೋಲ್ಟ್ ಹಾಕುವುದೊಂದು ಬಾಕಿಯಿದೆ.