ಕ್ಲಾಸ್ ಗ್ರೂಪಿಗೆ ವಾಟ್ಸ್ಆ್ಯಪ್ಪೋ, ಟೆಲಿಗ್ರಾಮೋ? ಲೆಕ್ಕದ ಮೇಷ್ಟ್ರೊಬ್ಬರ ಅನುಭವ

ನಾನು ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಕ್ಲಾಸಿನ ಜೊತೆಗೆ ಮೊಬೈಲ್ ಗ್ರೂಪನ್ನೂ ನಡೆಸುತ್ತಿದ್ದೇನೆ. ಮೊದಲು ವಾಟ್ಸ್ಆ್ಯಪ್‌ನಲ್ಲಿ, ಆಮೇಲೆ ಟೆಲಿಗ್ರಾಮ್‌ನಲ್ಲಿ, ನಡುವೆ ಸ್ವಲ್ಪ ದಿನ ಡಿಸ್ಕಾರ್ಡ್‌ನಲ್ಲಿ. ಯಾವುದು ವಾಸಿ ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ, ಒಂದೇ ಸಲ ಬರೆದು ಮುಗಿಸೋಣ ಅನ್ನಿಸಿತು.

ವಾಟ್ಸ್ಆ್ಯಪ್ ಎಲ್ಲರ ಫೋನಿನಲ್ಲೂ ಮೊದಲೇ ಇರುತ್ತದೆ, ಯಾರಿಗೂ ಕಲಿಸಬೇಕಿಲ್ಲ. ಇದೇ ಅದರ ದೊಡ್ಡ ಗುಣ. ಗ್ರೂಪಿಗೆ 1024 ಜನ ಸೇರಬಹುದು, ಕ್ಲಾಸಿಗೆ ಅಷ್ಟೆಲ್ಲ ಯಾಕೆ ಬಿಡಿ. ಟೆಸ್ಟ್ ಸೋಮವಾರಕ್ಕೆ ಹೋಯಿತು, ನಾಳೆ ಜಾಮಿಟ್ರಿ ಬಾಕ್ಸ್ ತನ್ನಿ, ಇಂಥದ್ದಕ್ಕೆ ಇದಕ್ಕಿಂತ ಸಲೀಸಾದದ್ದು ಸಿಗುವುದಿಲ್ಲ. ಒಂದೇ ಕಿರಿಕಿರಿ ಅಂದರೆ ನೀವು ಏನೇ ಹಾಕಿದರೂ ಕೆಳಗೆ ಮೂವತ್ತು ‘ಓಕೆ ಸರ್’ ಸಾಲುಗಟ್ಟುತ್ತವೆ, ಅರ್ಧ ಮಕ್ಕಳು ಅಪ್ಪ ಅಮ್ಮನ ಫೋನಿನಲ್ಲಿರುವುದರಿಂದ ಅದರಲ್ಲಿ ಅರ್ಧ ಓಕೆ ಅಪ್ಪ ಅಮ್ಮಂದಿರದ್ದೇ, ಅದರ ನಡುವೆ ಪಾಪ ಯಾವುದೋ ಹುಡುಗ ಕೇಳಿದ ನಿಜವಾದ ಡೌಟ್ ಮೇಲೆ ಎಲ್ಲೋ ಕಳೆದುಹೋಗಿರುತ್ತದೆ.

ಪಾಠಕ್ಕೆ ಬಳಸಲು ಹೋದಾಗ ಏನಾಯಿತು ಕೇಳಿ. ಒಂದು ಸಂಜೆ ಏಳಕ್ಕೆ ಗ್ರೂಪಿಗೆ ಒಂದು ಲೆಕ್ಕ ಹಾಕಿ, ಬಿಡಿಸಿ ನೋಟ್‌ಬುಕ್ಕಿನ ಫೋಟೋ ಕಳಿಸಿ ಅಂದೆ. ಬ್ರಾಕೆಟ್ ಮುಂದೆ ಮೈನಸ್ ಇರುವ ಲೆಕ್ಕ. ಬ್ರಾಕೆಟ್ ಬಿಚ್ಚುವಾಗ ಒಳಗಿನ ಎರಡೂ ಪದಗಳ ಚಿಹ್ನೆ ಬದಲಾಗಬೇಕು, ಮೊದಲು ಕಳಿಸಿದ ಹುಡುಗ ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೇ ಬಿಟ್ಟಿದ್ದ. ಅಷ್ಟೇ. ಮುಂದಿನ ಇಪ್ಪತ್ತು ನಿಮಿಷದಲ್ಲಿ ಫೋಟೋಗಳ ಮಳೆ, ಮುಕ್ಕಾಲು ಪಾಲು ಪುಟಗಳಲ್ಲಿ ಅದೇ ತಪ್ಪು, ಅದೇ ಜಾಗದಲ್ಲಿ. ಒಂದು ಪುಟವನ್ನು ದೊಡ್ಡದು ಮಾಡಿ ನೋಡಿದೆ. ಆ ಹುಡುಗಿ ಮೊದಲು ಸರಿಯಾಗಿಯೇ ಬರೆದಿದ್ದಾಳೆ, ಆಮೇಲೆ ಅದರ ಮೇಲೆ ಗೀಟು ಎಳೆದು ಪಕ್ಕದಲ್ಲಿ ತಪ್ಪನ್ನು ಬರೆದಿದ್ದಾಳೆ! ಮರುದಿನ ಯಾಕಮ್ಮ ಹೀಗೆ ಅಂತ ಕೇಳಿದರೆ, “ಎಲ್ಲರದ್ದೂ ಹಾಗೇ ಇತ್ತಲ್ಲ ಸರ್” ಅಂದಳು.

ತಪ್ಪು ಆ್ಯಪಿನದ್ದಲ್ಲ, ನನ್ನದು. ಎಲ್ಲರಿಗೂ ಎಲ್ಲವೂ ಕಾಣುವ ಜಾಗದಲ್ಲಿ ಲೆಕ್ಕ ಕೊಟ್ಟರೆ ಮಕ್ಕಳು ಲೆಕ್ಕ ನೋಡುತ್ತಾರಾ, ಪಕ್ಕದವರನ್ನು ನೋಡುತ್ತಾರಾ? ವಾಟ್ಸ್ಆ್ಯಪ್ ಪೋಲ್, ಅಂದರೆ ಆಯ್ಕೆಗಳನ್ನು ಕೊಟ್ಟು ಒಂದನ್ನು ಒತ್ತಿಸುವ ಪ್ರಶ್ನೆ, ಅದು ಕೂಡ ಇದಕ್ಕೆ ಒದಗಲಿಲ್ಲ. ಹನ್ನೆರಡು ಆಯ್ಕೆ ಕೊಡಬಹುದು ಸರಿ, ಆದರೆ ಯಾರು ಯಾವುದಕ್ಕೆ ಒತ್ತಿದರು ಅಂತ ಹೆಸರು ಸಮೇತ ಬರುತ್ತದೆ. ಕ್ಲಾಸಿನ ಫಸ್ಟ್ ಹುಡುಗ ಎಲ್ಲಿ ಒತ್ತುತ್ತಾನೋ ಉಳಿದವರೂ ಅಲ್ಲೇ.

ಟೆಲಿಗ್ರಾಮ್‌ಗೆ ಹೋಗಿದ್ದು ಇದೇ ಕಾರಣಕ್ಕೆ. ಅಲ್ಲಿನ ಪೋಲ್‌ನಲ್ಲಿ 2020ರಿಂದ ಕ್ವಿಜ್ ಅಂತ ಒಂದು ಬಗೆ ಇದೆ. ತಾನು ಉತ್ತರ ಒತ್ತುವವರೆಗೆ ಉಳಿದವರ ಉತ್ತರ ಕಾಣುವುದಿಲ್ಲ, ಒತ್ತಿದ ಮೇಲೆ ಬದಲಿಸುವಂತಿಲ್ಲ, ಹೆಸರು ತೋರಿಸದ ಹಾಗೂ ಇಡಬಹುದು. ತಪ್ಪು ಒತ್ತಿದವರಿಗೆ ಕಾಣುವಂತೆ ಎರಡು ಸಾಲಿನ ವಿವರಣೆ ಬರೆದಿಡಬಹುದು. ನಾನು ಮಾಡುವುದು ಇಷ್ಟೇ, ತಪ್ಪು ಆಯ್ಕೆಗಳನ್ನು ಸುಮ್ನೆ ಬಾಯಿಗೆ ಬಂದ ಸಂಖ್ಯೆಯಿಂದ ತುಂಬುವುದಿಲ್ಲ, ಮಕ್ಕಳ ನೋಟ್‌ಬುಕ್ಕಿನಿಂದಲೇ ಎತ್ತುತ್ತೇನೆ. ಎರಡನೇ ಚಿಹ್ನೆ ಮರೆತರೆ ಬರುವ ಉತ್ತರ ಒಂದು, ಗುಣಿಸೋದನ್ನು ಮರೆತರೆ ಬರುವುದು ಇನ್ನೊಂದು. ರಾತ್ರಿ ನೋಡಿದರೆ ಯಾವ ತಪ್ಪಿಗೆ ಶೇಕಡಾ ಎಷ್ಟು ಅಂತ ಎದುರಿಗೇ ಇರುತ್ತದೆ. ನಾಳೆಯ ಮೊದಲ ಹತ್ತು ನಿಮಿಷ ಏನು ಮಾಡಬೇಕು ಅಂತ ಬೇರೆ ಯೋಚಿಸಬೇಕಿಲ್ಲ.

ಬೇರೆ ಅನುಕೂಲಗಳೂ ಇವೆ. ಮಕ್ಕಳ ಫೋನ್ ನಂಬರ್ ಗ್ರೂಪಿನವರಿಗೆ ಕಾಣದಂತೆ ಇಡಬಹುದು, ಹೆಣ್ಣು ಮಕ್ಕಳ ಮನೆಯವರಿಗೆ ಇದೊಂದು ನೆಮ್ಮದಿ. ತಡವಾಗಿ ಸೇರಿದವರಿಗೂ ಹಳೆಯ ಮೆಸೇಜ್ ಸಿಗುತ್ತದೆ. 2 ಜಿಬಿವರೆಗಿನ ಫೈಲ್ ಹೋಗುತ್ತದೆ.

ಹಾಗಂತ ಕಣ್ಣು ಮುಚ್ಚಿ ಹೋಗಬೇಡಿ. ವಾಟ್ಸ್ಆ್ಯಪ್ ಗ್ರೂಪಿನ ಮಾತು ಕಳಿಸಿದವರಿಂದ ಪಡೆದವರವರೆಗೆ ನಡುವೆ ಯಾರೂ ಓದಲಾಗದಂತೆ ಬೀಗ ಹಾಕಿಯೇ ಹೋಗುತ್ತದೆ, ಟೆಲಿಗ್ರಾಮ್ ಗ್ರೂಪಿನಲ್ಲಿ ಆ ಬೀಗ ಇಲ್ಲ. ಸರ್ಚ್‌ನಲ್ಲಿ ಏನೇನೋ ಚಾನೆಲ್‌ಗಳು ಸಿಗುತ್ತವೆ, ‘ನಾಳೆಯ ಪ್ರಶ್ನೆಪತ್ರಿಕೆ ಇಲ್ಲಿದೆ’ ಅನ್ನುವ ಮೋಸದವರೂ ಸೇರಿ. ಮಕ್ಕಳಿಗೆ ಮೊದಲೇ ಹೇಳಿಡಬೇಕು. ಭಿನ್ನರಾಶಿ, ವರ್ಗಮೂಲ ಪೋಲ್‌ನಲ್ಲಿ ಬರೆಯೋದು ದೊಡ್ಡ ತಲೆನೋವು, ನಾನು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಫೋಟೋ ಹಾಕಿ ಕೆಳಗೆ ಕ್ವಿಜ್ ಇಡುತ್ತೇನೆ.

ಡಿಸ್ಕಾರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೊಂದು ಡೌಟಿಗೂ ಬೇರೆ ಬೇರೆ ಥ್ರೆಡ್, ಅಂದರೆ ಆ ಡೌಟಿನ ಮಾತೆಲ್ಲ ಒಂದೇ ಕಡೆ, ಯಾವುದೂ ಕಳೆಯುವುದಿಲ್ಲ, ಜೋಡಣೆ ಮೂರರಲ್ಲಿ ಇದೇ ಚಂದ. ಆದರೆ ಅದು ಗೇಮ್ ಆಡುವವರಿಗೆ ಅಂತ ಹುಟ್ಟಿದ್ದು, ಡೌಟ್ ಕೇಳಲು ಬಂದ ಹುಡುಗ ಪಕ್ಕದ ಗೇಮ್ ಸರ್ವರಿಗೆ, ಅಂದರೆ ಗೇಮಿನವರ ಗ್ರೂಪಿಗೆ, ಹೋದರೆ ಆ ಸಂಜೆ ವಾಪಸ್ ಬರುವುದಿಲ್ಲ. ವಾಟ್ಸ್ಆ್ಯಪ್, ಡಿಸ್ಕಾರ್ಡ್ ಎರಡಕ್ಕೂ ಕನಿಷ್ಠ 13 ವಯಸ್ಸು ಅನ್ನುವುದೂ ನೆನಪಿರಲಿ.

ಯಾವುದನ್ನು ಹಿಡಿದರೂ ಪ್ರಶ್ನೆಗಳ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿ ಇರಲಿ. ಎಡ್‌ಮೋಡೋ ನೆನಪಿದೆಯಾ? 2008ರಲ್ಲಿ ಮೇಷ್ಟ್ರು ಮಕ್ಕಳಿಗೆ ಅಂತಲೇ ಶುರುವಾದದ್ದು, 2022ರ ಸೆಪ್ಟೆಂಬರ್ 22ಕ್ಕೆ ಬಾಗಿಲು ಮುಚ್ಚಿತು.

ಈಗ ನಾನು ನೋಟೀಸಿಗೆ ವಾಟ್ಸ್ಆ್ಯಪ್ ಇಟ್ಟುಕೊಂಡಿದ್ದೇನೆ, ರಾತ್ರಿ ಎಂಟೂವರೆ ಆದಮೇಲೆ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿ ಊಟಕ್ಕೆ ಏಳುತ್ತೇನೆ. ವಾರಕ್ಕೆ ಮೂರು ಕ್ವಿಜ್ ಟೆಲಿಗ್ರಾಮ್‌ನಲ್ಲಿ. ವಾಟ್ಸ್ಆ್ಯಪ್‌ಗೆ ಐದಕ್ಕೆ ಮೂರು, ಟೆಲಿಗ್ರಾಮ್‌ಗೆ ನಾಲ್ಕು. ಉಳಿದ ಒಂದು ಅಂಕ ಯಾಕೆ ಕಳೆದೆ ಅಂದರೆ, ಹೆಸರು ಮುಚ್ಚಿಟ್ಟಮೇಲೆ ಯಾರು ಒತ್ತಲೇ ಇಲ್ಲ ಅನ್ನುವುದು ನನಗೂ ಕಾಣುವುದಿಲ್ಲ. ನಿನ್ನೆ ಗ್ರೂಪಿನಲ್ಲಿ 38 ಮಕ್ಕಳು, ವೋಟು 29. ಆ ಒಂಬತ್ತು ಜನ ಯಾರು ಅಂತ ತಿಳಿಯಲು ಬೆಳಿಗ್ಗೆ ಬೆಂಚಿನ ನಡುವೆ ನಡೆದು ನೋಟ್‌ಬುಕ್ ತೆರೆಸಲೇಬೇಕಾಯಿತು.