ಹಳೇ ನುಡಿ, ಯೂನಿಕೋಡ್ ನುಡಿ, ಬರಹ, ವಿಂಡೋಸ್: ಒಂದೇ ಪುಟ, ಐದು ಸಲ

ನನ್ನ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇವೆ. ಒಂದು ಹಳೇ ಡಬ್ಬ. ಅದರ ಕೀಬೋರ್ಡಿನಲ್ಲಿ ಸ್ಕ್ರೋಲ್ ಲಾಕ್ ಕೀ ಸವೆದು ಹೊಳೆಯುತ್ತದೆ, ಏಕೆಂದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆವೃತ್ತಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹಾರುವುದು ಆ ಕೀಯಿಂದಲೇ. ಇನ್ನೊಂದು ಹೊಸ ಲ್ಯಾಪ್‌ಟಾಪ್. ಅದರಲ್ಲಿ ಆ ಕೀಯೇ ಇಲ್ಲ. ಸಹಕಾರ ಸಂಘಗಳ ವಾರ್ಷಿಕ ವರದಿ, ಮದುವೆ ಕಾಗದ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ, ಇವನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕೊಡುವುದು ನನ್ನ ಕಸುಬು. ಇಪ್ಪತ್ತು ವರ್ಷ ಆ ಹಳೇ ನುಡಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ಫಾಂಟ್ ಹೊದಿಸಿದ ಆಸ್ಕಿ ನುಡಿಯಲ್ಲಿ ಕುಟ್ಟಿದವನು, ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡಿಗೆ ಬಂದಾಗ ಸಿಟ್ಟು ಮಾಡಿಕೊಂಡೆ. ಆ ಸಿಟ್ಟು ಎಷ್ಟು ನ್ಯಾಯ, ಎಷ್ಟು ಬರೀ ಅಭ್ಯಾಸಬಲ ಎಂದು ನೋಡೋಣವೆಂದು ಒಂದು ಭಾನುವಾರ ಕೂತು, ಒಂದೇ ಪುಟವನ್ನು ಐದು ರೀತಿಯಲ್ಲಿ ಟೈಪ್ ಮಾಡಿದೆ.

ಪುಟ ಬೇಕೆಂದೇ ತಲೆನೋವಿನದು ಆರಿಸಿದೆ. 'ಮಾರ್ಚ್ 31ಕ್ಕೆ ಅಂತ್ಯಗೊಂಡ ವರ್ಷದ ಕಾರ್ಯನಿರ್ವಹಣೆ' ಎಂದು ಶುರುವಾಗುತ್ತದೆ. ಒಂದೇ ಸಾಲಿನಲ್ಲಿ ನಾಲ್ಕು ಅರ್ಕಾವತ್ತು. ಕೆಳಗೆ ಆರ್‌ಟಿಜಿಎಸ್, ಕಂಪ್ಯೂಟರೀಕರಣ, ಕೊನೆಯಲ್ಲಿ ಹದಿನೆಂಟು ನಿರ್ದೇಶಕರ ಹೆಸರು.

ಮೊದಲು ಬೆರಳಿನ ಲೆಕ್ಕ. 'ಕನ್ನಡ' ಎಂದು ಬರೆಯಲು ನುಡಿಯ ಕೀಲಿಮಣೆಯಲ್ಲಿ ಐದು ಕೀ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಎಂದರೆ ಒತ್ತು ಕೊಡುವ ಕೀ, ಡಬ್ಲ್ಯೂ ಎಂದರೆ ಡ. ಬರಹ ಎಂಬ ಇನ್ನೊಂದು ತಂತ್ರಾಂಶದ ಲಿಪ್ಯಂತರ ಪದ್ಧತಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರೆ ಕನ್ನಡ ಬರುವ ಪದ್ಧತಿಯಲ್ಲಿ, ಏಳು ಕೀ, ಅದರಲ್ಲಿ ಡಕಾರಕ್ಕೆ ಶಿಫ್ಟ್ ಬೇರೆ. ಕೇಂದ್ರ ಸರ್ಕಾರದ ಕೀಲಿಮಣೆ ಇನ್‌ಸ್ಕ್ರಿಪ್ಟ್‌ನಲ್ಲೂ ಐದೇ, ಆದರೆ ನಕಾರ ವಿ ಕೀಲಿಯಲ್ಲಿದೆ, ಡಕಾರ ಚೌಕ ಆವರಣದ ಕೀಲಿಯಲ್ಲಿದೆ. ಇಂಗ್ಲಿಷ್ ಕೀಬೋರ್ಡ್ ಮರೆತು ಹೊಸದಾಗಿ ಹುಟ್ಟಬೇಕು. ನಾನು ಹುಟ್ಟಲಿಲ್ಲ. ಅರ್ಧ ಪುಟಕ್ಕೆ ನಲವತ್ತು ನಿಮಿಷ ಹಿಡಿದಾಗ ಇನ್‌ಸ್ಕ್ರಿಪ್ಟ್ ಕೈಬಿಟ್ಟೆ. ಶುರುವಿನಿಂದ ಅದರಲ್ಲೇ ಕಲಿತವರಿಗೆ ಅದು ಸಲೀಸು ಎಂದು ಒಪ್ಪುತ್ತೇನೆ, ಅಷ್ಟೇ.

ಹಳೇ ನುಡಿಯಲ್ಲಿ ಪುಟ ಮುಗಿಯಲು ಹದಿನಾಲ್ಕು ನಿಮಿಷ. ಯೂನಿಕೋಡ್ ನುಡಿಯಲ್ಲಿ ಹದಿನೈದು. ಇಲ್ಲೇ ನನ್ನ ಸಿಟ್ಟಿನ ಅರ್ಧ ಗಾಳಿ ಇಳಿಯಿತು. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ, 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದ ಆ ಕೀಲಿಮಣೆಯನ್ನು ಯಾರೂ ಮುಟ್ಟಿಲ್ಲ. ಡಾಟಾ ಎಂಟ್ರಿ ಕೆಲಸ ಕೇಳಿಕೊಂಡು ಹೋದವರಿಗೆ 'ನುಡಿ ಬರುತ್ತಾ?' ಎನ್ನುವುದೇ ಮೊದಲ ಪ್ರಶ್ನೆಯಾಗಿದ್ದ ನಾಡಿದು. ಕೀಲಿ ಬದಲಾಗಿದ್ದರೆ ಅರ್ಧ ತಾಲ್ಲೂಕು ಕಚೇರಿಗಳು ನಿಂತೇಹೋಗುತ್ತಿದ್ದವು. ಬದಲಾದದ್ದು ಕೀಲಿಯ ಕೆಳಗಿನ ನೆಲ.

ಆ ನೆಲ ಹೇಗಿತ್ತೆಂದು ಹಳೇ ನುಡಿ ಬಳಸಿದವರೆಲ್ಲ ಒಂದಲ್ಲ ಒಂದು ದಿನ ನೋಡಿಯೇ ಇರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ 'ಕನ್ನಡ' ಇದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆಯಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇರಲಿಲ್ಲ. ಇದ್ದದ್ದು ಕನ್ನಡದ ಚೂರುಗಳಂತೆ ಕಾಣುವ ವೇಷ ಹಾಕಿದ ಯುರೋಪಿನ ಅಕ್ಷರಗಳು. ತಲೆಕಟ್ಟು ಒಂದು ಚೂರು, ಒತ್ತು ಒಂದು ಚೂರು. ಇದರಲ್ಲಿ ನನ್ನನ್ನು ದಂಗುಬಡಿಸಿದ್ದು ಮಕಾರ. ಹಳೇ ನುಡಿಯಲ್ಲಿ ಮ ಎಂಬ ಅಕ್ಷರವೇ ಇಲ್ಲ! ವಕಾರಕ್ಕೆ ಒಂದು ಕೊಂಬು ಸಿಕ್ಕಿಸಿದರೆ ಮ. ವರ್ಡ್‌ನಲ್ಲಿ ಮ ಬರೆದು ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿದರೆ ವ ಉಳಿಯುತ್ತದೆ. ಇಪ್ಪತ್ತು ವರ್ಷ ನಾನಿದನ್ನು ನೋಡಿಯೂ ನೋಡಿರಲಿಲ್ಲ.

ಹಾಗಾಗಿ ಆ ಹದಿನೆಂಟು ಹೆಸರನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಹಳೇ ಫೈಲಿನಲ್ಲಿ ಮಂಜುನಾಥರು ಹೋಗಿ ವಸಂತ, ವೆಂಕಟೇಶರ ಗುಂಪಿನಲ್ಲಿ ಕೂತರು. ಅದೇ ಪಟ್ಟಿ ಯೂನಿಕೋಡಿನಲ್ಲಿ ಒಂದೇ ಕ್ಲಿಕ್ಕಿಗೆ ಸಾಲಾಗಿ ನಿಂತಿತು. ಮೊದಲೆಲ್ಲ ಸದಸ್ಯರ ಪಟ್ಟಿಯನ್ನು ಕೈಯಿಂದ ಜೋಡಿಸಲು ರಾತ್ರಿ ಕಳೆದದ್ದುಂಟು, ಅದಕ್ಕೆ ದುಡ್ಡು ತೆಗೆದುಕೊಂಡದ್ದೂ ಉಂಟು.

ಹಾಗಾದರೆ ಮೊದಲು ಮಾಡಿದವರು ತಪ್ಪು ಮಾಡಿದರೇ? ಇಲ್ಲ ಎನ್ನುತ್ತೇನೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ 128 ಸಂಕೇತದ ಮನೆ ಮೀಸಲಾಗಿದ್ದವು, ನಿಜ. ಆದರೆ ಆ ಸಂಕೇತಗಳನ್ನು ಜೋಡಿಸಿ ಒತ್ತಕ್ಷರ ಬಿಡಿಸಿ ತೋರಿಸುವ ಶಕ್ತಿ ಅಂದಿನ ವಿಂಡೋಸ್ 98ಕ್ಕೆ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದ ಮೇಲೇ ಅದು ಮನೆಮಂದಿಗೆ ಸಿಕ್ಕಿದ್ದು. ಅಲ್ಲಿಯವರೆಗೆ ಕಾಯುತ್ತ ಕೂತಿದ್ದರೆ ಕನ್ನಡ ಕಂಪ್ಯೂಟರಿನಲ್ಲಿ ಬರುತ್ತಲೇ ಇರಲಿಲ್ಲ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಅದಾದ ಕೆಲವು ವರ್ಷಕ್ಕೆ ಬಂತು. ಆಸ್ಕಿಯಲ್ಲಿದ್ದ ಇನ್ನೂರು ಚಿಲ್ಲರೆ ಮನೆಗಳಲ್ಲಿ ಇಡೀ ಲಿಪಿಯನ್ನು ಕೂರಿಸಬೇಕಾದರೆ ಮಕಾರವನ್ನು ವಕಾರದಿಂದ ಸಾಲ ತರಬೇಕಾಯಿತು. ಬಡವರ ಮನೆಯಲ್ಲಿ ಒಂದೇ ಪಾತ್ರೆ ಸಾರಿಗೂ ಹಾಲಿಗೂ ಆದ ಹಾಗೆ.

ಈಗ ಯೂನಿಕೋಡಿನ ಕಡೆಯ ಕಿರಿಕಿರಿ. ಬೆರಳು ಅದೇ ಇದ್ದರೂ ಬ್ಯಾಕ್‌ಸ್ಪೇಸ್ ಬೇರೆ. ಹಳೆಯದರಲ್ಲಿ 'ನ್ನ' ಬರೆದು ಒಂದು ಹೆಜ್ಜೆ ಹಿಂದೆ ಬಂದರೆ ಒತ್ತು ಹೋಗಿ ನ ಉಳಿಯುತ್ತಿತ್ತು. ಹೊಸದರಲ್ಲಿ ನ್ ಉಳಿಯುತ್ತದೆ, ಮುಂದೆ ಒತ್ತಿದ ಅಕ್ಷರ ಹೋಗಿ ಅದರ ಕಾಲಿಗೆ ಅಂಟಿಕೊಳ್ಳುತ್ತದೆ. ಮೊದಲ ತಿಂಗಳು ನನ್ನ ಪ್ರೂಫ್ ತುಂಬ ಇದೇ ರೀತಿಯ ವಿಚಿತ್ರ ಒತ್ತಕ್ಷರ. ಆಮೇಲೆ ಆರ್‌ಟಿಜಿಎಸ್. ಆರ್ ಮತ್ತು ಟಿ ನಡುವೆ ಕಣ್ಣಿಗೆ ಕಾಣದ ಒಂದು ಅಡ್ಡಗೋಡೆ ಹಾಕದಿದ್ದರೆ ಟಿ ನೆತ್ತಿಯ ಪಕ್ಕ ಅರ್ಕಾವತ್ತು ಏರುತ್ತದೆ. 'ರ‍್ಯಾಂಕ್' ಬರೆಯಲು ಮತ್ತೊಂದು ಕಾಣದ ಅಕ್ಷರ ಬೇಕು. ಕಾಣದ್ದನ್ನು ಪ್ರೂಫ್ ನೋಡುವುದು ಹೇಗೆ ಹೇಳಿ? ಇದು ನಿಜವಾದ ನಷ್ಟ. ಮುಂಚೆ ಕಂಡದ್ದೇ ಇತ್ತು, ಇದ್ದದ್ದೇ ಕಾಣುತ್ತಿತ್ತು.

ದೊಡ್ಡ ಜಗಳ ನಡೆದದ್ದು ಪ್ರೆಸ್ಸಿನಲ್ಲಿ. ಊರಿನ ಒಂದು ಪ್ರೆಸ್ಸಿಗೆ ಯೂನಿಕೋಡ್ ಫೈಲ್ ಕಳಿಸಿದೆ. ಅರ್ಧ ಗಂಟೆಗೆ ಅಲ್ಲಿಯ ಡಿಟಿಪಿ ಹುಡುಗನ ಫೋನ್.

"ಸಾರ್, ಬರೀ ಕ್ವೆಶ್ಚನ್ ಮಾರ್ಕ್ ಬರ್ತಿದೆ. ನುಡಿ ಸೊನ್ನೆ ಒಂದು ಇ ಫಾಂಟಲ್ಲಿ ಕೊಡಿ ಸಾರ್."

"ಅಲ್ಲಪ್ಪ, ಕಾಲ ಯಾವುದು, ನೀವಿನ್ನೂ ಪೇಜ್‌ಮೇಕರ್ ಬಿಟ್ಟಿಲ್ವಾ?"

"ಅದನ್ನ ಓನರ್‌ಗೆ ಕೇಳ್ಬೇಕು ಸಾರ್."

ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್‌ಗೆ ಗೊತ್ತು, ಆದರೆ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆರಿಸಿಕೊಳ್ಳದಿದ್ದರೆ ಅಲ್ಲೂ ಒತ್ತು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತದೆ. ಹೀಗಾದಾಗ ಬೈಗುಳ ಬೀಳುವುದು ಕೀಬೋರ್ಡ್ ತಂತ್ರಾಂಶ ಮಾಡಿದವರಿಗೆ. 'ಹೊಸ ನುಡಿ ಸರಿಯಿಲ್ಲ' ಎಂದು ನಾನೇ ಎಷ್ಟು ಸಲ ಅಂದಿಲ್ಲ! ಹಳೆಯದರಲ್ಲಿ ಅಕ್ಷರ ಹೇಗೆ ಕಾಣಬೇಕೆಂಬುದನ್ನು ಚೂರು ಚೂರಾಗಿ ಅವರೇ ನಿರ್ಧರಿಸುತ್ತಿದ್ದರು. ಈಗ ಅವರು ಕಳಿಸುವುದು ಸಂಕೇತ ಮಾತ್ರ. ಚಿತ್ರ ಬಿಡಿಸುವುದು ವಿಂಡೋಸ್, ಫಾಂಟ್, ಅಡೋಬಿ, ಹೀಗೆ ಇನ್ಯಾರೋ. ಹಿಡಿತ ಬಿಟ್ಟುಕೊಟ್ಟು ಹುಡುಕಾಟ, ಜೋಡಣೆ, ಮೊಬೈಲಿನಲ್ಲಿ ಓದುವ ಸೌಲಭ್ಯ ಪಡೆದುಕೊಂಡರು. ಕಣ್ಣು ಕಾಣದ ನನ್ನ ಗೆಳೆಯನೊಬ್ಬ ಸ್ಕ್ರೀನ್ ರೀಡರ್ ಬಳಸುತ್ತಾನೆ. ಅವನಿಗೆ ನನ್ನ ಇಪ್ಪತ್ತು ವರ್ಷದ ಫೈಲುಗಳೆಲ್ಲ ಬರೀ 'ಪಿ, ಎ, ಪೌಂಡ್'. ಅವನ ಮುಂದೆ ಕೂತು ಹಳೇ ನುಡಿಯೇ ಚೆಂದ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಬರಹದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನನಗೆ ಪುಟಕ್ಕೆ ಇಪ್ಪತ್ತೆರಡು ನಿಮಿಷ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಯೋಚಿಸುವವರಿಗೆ, ಹೊರದೇಶದಲ್ಲಿ ಕೂತು ಮನೆಗೆ ಕಾಗದ ಬರೆಯುವವರಿಗೆ ಅದಕ್ಕಿಂತ ಸಲೀಸಾದ್ದು ಬೇರೆ ಇರಲಿಲ್ಲ. ಪುಕ್ಕಟೆ ಇದ್ದದ್ದು 10ನೇ ಆವೃತ್ತಿಯಿಂದ ದುಡ್ಡಿನದಾಯಿತು ಎಂದು ಗೊಣಗಿದವರು ಬಹಳ. ನನಗದು ಎಂದೂ ಅನ್ಯಾಯ ಅನಿಸಿಲ್ಲ. ನಾನು ಪುಟಕ್ಕಿಷ್ಟು ಎಂದು ಎಣಿಸಿ ಇಸಿದುಕೊಳ್ಳುವವನು, ಬೇರೆಯವರ ದುಡಿಮೆ ಪುಕ್ಕಟೆ ಬರಲಿ ಎನ್ನಲು ಯಾವ ಮುಖ?

ವಿಂಡೋಸ್‌ನದೇ ಫೊನೆಟಿಕ್ ಕೀಬೋರ್ಡ್ 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಇದೆ. ಏನೂ ಹಾಕಿಕೊಳ್ಳಬೇಕಿಲ್ಲ. ಇಂಗ್ಲಿಷಿನಲ್ಲಿ ಕುಟ್ಟಿದರೆ ಪದಗಳನ್ನು ಮುಂದಿಡುತ್ತದೆ, ಆರಿಸಿಕೊಳ್ಳಬೇಕು. ನನ್ನ ಮಗಳು ಅದರಲ್ಲಿ ನನಗಿಂತ ಬೇಗ ಬರೆಯುತ್ತಾಳೆ. ನನಗೆ ಆಗಲಿಲ್ಲ, ಏಕೆಂದರೆ ನಾನು ಪರದೆ ನೋಡುವುದಿಲ್ಲ, ಪ್ರತಿ ನೋಡುತ್ತೇನೆ. ಪ್ರತಿ ನೋಡಿ ಟೈಪ್ ಮಾಡುವವನಿಗೆ ಪ್ರತಿ ಪದಕ್ಕೂ 'ಇದಾ, ಅದಾ' ಎಂದು ಕೇಳಿದರೆ ತಲೆ ಕೆಡುತ್ತದೆ. ಮೂವತ್ತೊಂದು ನಿಮಿಷ.

ಹಳೇ ಫೈಲನ್ನು ಪರಿವರ್ತಕಕ್ಕೆ ಕೊಟ್ಟರೆ ಸಾಲದೇ ಎನ್ನಬಹುದು. ಬಹುಪಾಲು ಸಾಕು. ಆದರೆ ಹಳೆಯದರಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮುಂದೆ ಬರಬೇಕು. ಪರಿವರ್ತಕ ಅದನ್ನು ಎತ್ತಿ ಮುಂದಿಡುತ್ತದೆ, ಸಾಮಾನ್ಯವಾಗಿ ಸರಿಯಾಗಿಯೇ. ಪಜೀತಿ ಇರುವುದು ನಡುವೆ ಇಂಗ್ಲಿಷ್ ಪದ ಬಂದಾಗ. ವರದಿಯಲ್ಲಿದ್ದ ಪ್ಯಾನ್ ನಂಬರುಗಳ ಇಂಗ್ಲಿಷ್ ಅಕ್ಷರಗಳನ್ನೂ ಅದು ಕನ್ನಡದ ಚೂರುಗಳೆಂದೇ ತಿಳಿದು ತಿರುಗಿಸಿಬಿಟ್ಟಿತು. ಪಿ ಇದ್ದಲ್ಲಿ ಕಕಾರದ ಬುಡ. ಅದರ ತಪ್ಪೇನೂ ಇಲ್ಲ, ಎರಡೂ ಒಂದೇ ಸಂಕೇತ ತಾನೇ.

ಈಗ ನಾನು ಮಾಡುವುದು ಇಷ್ಟು: ಹೊಸ ಕೆಲಸವೆಲ್ಲ ನುಡಿಯ ಕೀಲಿಮಣೆಯಲ್ಲೇ, ಯೂನಿಕೋಡಿನಲ್ಲೇ. ಆ ಪ್ರೆಸ್ಸಿಗೆ ಕೊಡುವ ಮುಂಚೆ ಕೊನೆಗೊಮ್ಮೆ ಆಸ್ಕಿಗೆ ತಿರುಗಿಸಿ ಕೊಡುತ್ತೇನೆ, ಯೂನಿಕೋಡ್ ಪ್ರತಿ ನನ್ನಲ್ಲೇ ಉಳಿಯುತ್ತದೆ. ಲಿನಕ್ಸ್‌ನಲ್ಲೂ 'ಕಗಪ' (ಕನ್ನಡ ಗಣಕ ಪರಿಷತ್ತು) ಹೆಸರಿನಲ್ಲಿ ಅದೇ ಕೀಲಿಮಣೆ ಸಿಗುತ್ತದೆ, ಹೀಗಾಗಿ ನಾಳೆ ವಿಂಡೋಸ್ ಬಿಟ್ಟರೂ ಬೆರಳಿಗೆ ಭಯವಿಲ್ಲ. ಹೊಸದಾಗಿ ಕಲಿಯುವ ಹುಡುಗರು ಕೇಳಿದರೆ, ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ ವಿಂಡೋಸ್‌ನದೇ ಸಾಕು, ಪುಟಗಟ್ಟಲೆ ಕುಟ್ಟುವವರು ನುಡಿ ಕಲಿಯಿರಿ ಎನ್ನುತ್ತೇನೆ.

ಹಳೇ ಡಬ್ಬವನ್ನು ಇನ್ನೂ ಎಸೆದಿಲ್ಲ. ಅದರಲ್ಲಿ ಹನ್ನೊಂದು ಫೋಲ್ಡರ್ ಇವೆ. ಮೂರು ತಿರುಗಿಸಿ ಆಗಿದೆ, ನಾಲ್ಕನೆಯದರಲ್ಲಿ ಮಂಜುನಾಥರನ್ನು ವೆಂಕಟೇಶರ ಪಕ್ಕದಿಂದ ಎಬ್ಬಿಸುತ್ತಿದ್ದೇನೆ.